ಸಾವಕ್ಕನ ಸೊಂಟದ ಅರಿವಿ

ಹೊಟ್ಟೆ ಕೆಟ್ಟಾಗ ನಮ್ಮ ಜನ ಯಾರನ್ನೂ ಬಿಡುವುದಿಲ್ಲ. ಬಿಸಿಲಿಗೆ ಬೈಯುತ್ತಾರೆ, ನಳದ ನೀರಿಗೆ ಬೈಯುತ್ತಾರೆ, ನಿನ್ನೆ ಸಂಜೆ ತಿಂದ ಮಿರ್ಚಿಗೆ ಬೈಯುತ್ತಾರೆ, ತಾಟಿನ ಮೇಲೆ ಕಣ್ಣು ಹಾಕಿದಳೆಂದು ಪಕ್ಕದ ಮನೆಯವಳಿಗೂ ಬೈಯುತ್ತಾರೆ. ಬೈಸಿಕೊಳ್ಳಬೇಕಾದದ್ದು ಮಾತ್ರ ಅಡುಗೆಮನೆಯಲ್ಲಿ ಕಣ್ಣೆದುರೇ ಆರಾಮವಾಗಿ ಕೂತಿರುತ್ತದೆ.

ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಈ ಬೇಸಿಗೆಯಲ್ಲಿ ಆದದ್ದೂ ಅದೇ.

ಆ ಓಣಿಯಲ್ಲಿ ಸಾವಕ್ಕನ ಖಾನಾವಳಿ. ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಶುರುವಾದರೆ ಓಣಿಯ ತುದಿಯಲ್ಲಿ ನಿಂತವರ ಬಾಯಲ್ಲೂ ನೀರು. ಮುಂದಿನ ಕೋಣೆಯಲ್ಲಿ ಎರಡು ಬೆಂಚು, ಹಿಂದೆ ಒಲೆ, ಅದರ ಹಿಂದೆ ಬಚ್ಚಲು, ಸಂಡಾಸ. ದಿನಾ ಉಣ್ಣುವವರು ಹದಿನಾಲ್ಕು ಜನ. ಅವಳ ಎಣಗಾಯಿಗೆ, ಶೇಂಗಾ ಹಿಂಡಿಗೆ, ಎಮ್ಮೆಯ ಗಟ್ಟಿ ಮೊಸರಿಗೆ ಯಾರೂ ಹೆಸರಿಟ್ಟವರಲ್ಲ.

ಊಟಕ್ಕಿಂತ ಹೆಚ್ಚು ಹೆಸರಾದದ್ದು ಅವಳ ತಾಟುಗಳು. ಆ ಓಣಿಗೆ ನಳದ ನೀರು ಬರುವುದು ಐದಾರು ದಿನಕ್ಕೊಮ್ಮೆ. ನೀರನ್ನು ತುಪ್ಪ ಬಡಿಸಿದ ಹಾಗೆ ಬಳಸಬೇಕು. ಅದಕ್ಕೇ ಸಾವಕ್ಕ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಒಂದು ಪದ್ಧತಿ ಮಾಡಿಕೊಂಡಿದ್ದಳು. ಉಂಡ ತಾಟನ್ನು ಪುಡಿ ಹಚ್ಚಿ ತಿಕ್ಕುವುದು, ಒಂದೇ ಬಕೀಟಿನ ನೀರಿನಲ್ಲಿ ಅದ್ದಿ ತೆಗೆಯುವುದು, ಮುಂದಿನ ಕೆಲಸವನ್ನು ಸೊಂಟಕ್ಕೆ ಸಿಗಿಸಿದ ಒರೆಸುವ ಬಟ್ಟೆಗೆ, ಅಂದರೆ ಅರಿವೆಗೆ ಬಿಡುವುದು. ಗಿರಾಕಿ ಬಂದು ಕೂತ ಕೂಡಲೇ ಅವನ ಕಣ್ಣೆದುರೇ ಸೊಂಟದಿಂದ ಬಿಳಿ ಅರಿವೆ ಎಳೆದು, ತಾಟನ್ನು ಗರಗರ ತಿರುಗಿಸಿ ಒರೆಸಿ, ಬಾಗಿಲ ಬೆಳಕಿಗೆ ಹಿಡಿದು ನೋಡಿ, ಆಮೇಲೆಯೇ ಬಡಿಸುವಳು. ತಾಟಿನಲ್ಲಿ ಮುಖ ನೋಡಿ ಮೀಸೆ ತಿರುವಿಕೊಳ್ಳಬಹುದು, ಅಷ್ಟು ಹೊಳಪು.

ಅದೇ ಅರಿವೆಯಲ್ಲಿ ಕೈ ಒರೆಸುವಳು. ಅದೇ ಅರಿವೆಯಲ್ಲಿ ಬೆಂಚು ಒರೆಸುವಳು, ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವಳು, ಸಂಡಾಸಕ್ಕೆ ಹೋಗಿ ಬಂದು ನೀರಲ್ಲಿ ತೊಳೆದ ಕೈಯನ್ನೂ ಅದಕ್ಕೇ ಒರೆಸುವಳು. ಸಂಜೆ ಅದನ್ನು ನೀರಲ್ಲಿ ಜಾಲಿಸಿ ಹಿಂಡಿ ಬಚ್ಚಲ ಮೂಲೆಯ ಮೊಳೆಗೆ ಹಾಕುವಳು. ಬೆಳಗಾದರೆ ಅದು ಇನ್ನೂ ಹಸಿಹಸಿ. ಹಾಗೇ ಮತ್ತೆ ಸೊಂಟಕ್ಕೆ.

ಏಪ್ರಿಲ್ ಹಿಡಿಯಿತು. ಹದಿನಾಲ್ಕು ಜನರಲ್ಲಿ ಮೊದಲು ಇಬ್ಬರು ತಪ್ಪಿಸಿದರು. ಆಮೇಲೆ ಇನ್ನೂ ಮೂವರು. ಅವರಲ್ಲೊಬ್ಬರಾದ, ಹನ್ನೆರಡು ವರ್ಷದಿಂದ ಅದೇ ಬೆಂಚಿನ ಅದೇ ಮೂಲೆಯಲ್ಲಿ ಉಣ್ಣುತ್ತಿದ್ದ ನಿವೃತ್ತ ಗುಮಾಸ್ತ ಏಕನಾಥ ಕಾಕಾ ಬಾಗಿಲಲ್ಲಿ ನಿಂತು, ಕೊಡೆಯನ್ನು ಆ ಕೈಯಿಂದ ಈ ಕೈಗೆ ಬದಲಿಸುತ್ತ ಹೇಳಿದರು:

"ಸಾವಕ್ಕಾ, ನಾಕ ದಿವಸ ಬರೇ ಗಂಜಿ ಕುಡಿಬೇಕಂತ ಮಾಡೇನ್ರಿ. ನಿಮ್ಮ ಊಟಕ್ಕ ಏನೂ ಅನ್ನಂಗಿಲ್ಲ. ನನ್ನ ಹೊಟ್ಟಿನ ಅಷ್ಟ ಛಲೋ ಇಲ್ಲ."

"ಬಿಸಲಿಗೆ ಹಂಗಾಕ್ಕೈತ್ರಿ ಕಾಕಾ," ಎಂದಳು ಸಾವಕ್ಕ. ಖರೇ ಅಂದರೆ ಅವಳೂ ಹಾಗೇ ನಂಬಿದ್ದಳು.

ಆ ಸೋಮವಾರ ಬೀಗರು ಬಂದರು. ಬೈರಿದೇವರಕೊಪ್ಪದ ಗೋವಿಂದಪ್ಪ, ಸೊಸೆ ದಾಕ್ಷಾಯಿಣಿಯ ಅಪ್ಪ. ದಾಕ್ಷಾಯಿಣಿಗೆ ಏಳು ತಿಂಗಳು ತುಂಬಿತ್ತು. ಮುಂದಿನ ವಾರದ ಗುರುವಾರ ಅವಳ ಕುಬಸ, ಅಂದರೆ ಸೀಮಂತ. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಆರತಿ ಮಾಡಿ, ಎರಡೂ ಕಡೆಯ ಬಳಗಕ್ಕೆ ಊಟ ಹಾಕುವ ದಿನ. ಮೊದಲ ಮೊಮ್ಮಗುವಿನ ಕುಬಸದ ಅಡುಗೆ ತನ್ನ ಕೈಯಿಂದಲೇ ಆಗಬೇಕೆಂದು ಸಾವಕ್ಕ ಎಳ್ಳು, ಶೇಂಗಾ, ಬೆಲ್ಲ ಎಲ್ಲ ಆರಿಸಿಟ್ಟಿದ್ದಳು. ಇಷ್ಟು ವರ್ಷ ಊರವರಿಗೆಲ್ಲ ಉಣ್ಣಿಸಿದ ಕೈ, ತನ್ನ ಮನೆಯ ಮೊದಲ ಕೂಸಿಗೆ ಬಡಿಸುವ ದಿನ ಅದು.

"ಬರ್ರಿ ಬೀಗರ. ರೊಟ್ಟಿ ಬಿಸಿ ಐತಿ, ಕೂಡ್ರಿ," ಎಂದು ಸಾವಕ್ಕ ಸೊಂಟಕ್ಕೆ ಕೈ ಹಾಕಿ ತಾಟು ಒರೆಸತೊಡಗಿದಳು.

"ಬ್ಯಾಡ್ರಿ. ಉಂಡ ಬಂದೇನಿ."

"ಮುಂಜಾನಿ ಹತ್ತಕ್ಕ ಉಂಡ ಬಂದೀರಿ?"

"ಹೌದ್ರಿ. ಇವತ್ತ ಸ್ವಲ್ಪ ಲಗೂ ಹಸಿವಾಗಿತ್ತು."

ಗೋವಿಂದಪ್ಪ ಬೆಂಚಿನ ತುದಿಗೆ ಕೂತ. ಟೊಪ್ಪಿಗೆ ತೆಗೆದ, ಹಾಕಿಕೊಂಡ. ಕೊನೆಗೆ ಗಂಟಲು ಸರಿಮಾಡಿಕೊಂಡ.

"ಸಾವಕ್ಕಾರ, ಸಿಟ್ಟಾಗಬ್ಯಾಡ್ರಿ. ಕುಬಸದ ಅಡಗಿಗೆ ನಾ ಕೇಟರಿಂಗಿನವ್ಗ ಹೇಳೇನಿ."

ತಾಟು ಒರೆಸುತ್ತಿದ್ದ ಕೈ ನಿಂತಿತು. "ಯಾಕ್ರಿ? ನನ್ನ ಕೈ ಮುರದಾವೇನು?"

"ಕೈ ಗಟ್ಟಿ ಅದಾವ್ರಿ. ಹೊಟ್ಟಿ ಗಟ್ಟಿ ಇಲ್ಲ, ನಮ್ಮವು. ಹೋದ ಸಲ ಇಲ್ಲಿ ಉಂಡ ಹೋಗಿ ನಾ ಮೂರ ದಿನ ಸಂಡಾಸದ ಚರಿಗಿ ಕೈಯಾಗ ಹಿಡಕೊಂಡ ಅಡ್ಡಾಡೇನಿ. ಟಿ.ವಿ. ಮುಂದ ಕುಂತ್ರೂ ಬಾಜೂಕ ಚರಿಗಿ. ನಿಮ್ಮ ಬೀಗಿತಿ ನಕ್ಕ ನಕ್ಕ ಸಾಕಾದ್ಲು, ಮರುದಿನ ಆಕೀನೂ ಚರಿಗಿ ಹುಡಿಕಿದ್ಲು."

ಒಳಗೆ ದಾಕ್ಷಾಯಿಣಿ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಸಾವಕ್ಕನಿಗೆ ನಗೆ ಬರಲಿಲ್ಲ.

"ಬಿಸಲಿಗೆ ಹಂಗಾಗಿರ್ತೈತಿ."

"ಬಿಸಲು ಬೈರಿದೇವರಕೊಪ್ಪದಾಗೂ ಐತಲ್ರಿ. ಅಲ್ಲೇ ಉಂಡ್ರ ಏನೂ ಆಗಂಗಿಲ್ಲ." ಗೋವಿಂದಪ್ಪನ ದನಿ ಮೆತ್ತಗಾಯಿತು. "ಬಸರಿ ಹೆಂಗಸರು ಐದಾರು ಮಂದಿ ಬರ್ತಾರ, ಸಣ್ಣ ಹುಡುಗೂರು ಬರ್ತಾವ. ನನಗ ಅಂಜಿಕಿ ಐತಿ. ಬರೋ ಮಂಗಳವಾರ ಕೇಟರಿಂಗಿನವ್ಗ ಖಾತ್ರಿ ಹೇಳಬೇಕು. ಅಷ್ಟರೊಳಗ ಏನರ ಇದ್ರ ಹೇಳ್ರಿ."

ಅವನು ಹೋದ. ಸಾವಕ್ಕ ಕೈಯಲ್ಲಿದ್ದ ತಾಟನ್ನು ಇನ್ನೂ ಒರೆಸುತ್ತಲೇ ಇದ್ದಳು.

ಸಂಜೆ ಎದುರು ಮನೆಯ ಶರೀಫಾಬಿ ಬಂದಳು. ಆ ಓಣಿಯ ಆಶಾ ಕಾರ್ಯಕರ್ತೆ. ದಾಕ್ಷಾಯಿಣಿಯ ಗುಳಿಗೆ, ತೂಕ, ತಪಾಸಣೆ ಎಲ್ಲ ಅವಳ ಲೆಕ್ಕದಲ್ಲೇ. ಸಾವಕ್ಕನಿಗೂ ಅವಳಿಗೂ ಮೂವತ್ತು ವರ್ಷದ ಗೆಳೆತನ, ಅಷ್ಟೇ ವರ್ಷದ ಜಗಳ.

"ಯಾಕವ್ವಾ, ಮೋತಿ ಸುಟ್ಟ ಬದನಿಕಾಯಿ ಆಗೇತಿ?"

"ನಿನಗ್ಯಾಕ ಬೇಕ? ನನ್ನ ಊಟಕ್ಕ ಹೆಸರಿಟ್ಟ ಹೋಗ್ಯಾರ ಬೀಗರು." ಸಾವಕ್ಕ ಎಲ್ಲ ಹೇಳಿಕೊಂಡಳು. ಹೇಳುತ್ತಲೇ ಎಮ್ಮೆಯ ಹಾಲನ್ನು ಉಗುರು ಬೆಚ್ಚಗೆ ಆರಿಸಿ, ಒಂದು ಚಮಚ ಮೊಸರು ಹೆಪ್ಪು ಹಾಕಿ ಕದಡಿದಳು.

ಶರೀಫಾಬಿ ಪಾತ್ರೆಯೊಳಗೆ ಬಗ್ಗಿ ನೋಡಿದಳು. "ಒಂದ ಚಮಚಾ ಹಾಕಿದಿ. ನಾಳೆ ಮುಂಜಾನಿ ಪಾತ್ರಿ ತುಂಬ ಮೊಸರ. ಒಳಗ ಕುಂತ ಈ ಕೆಲಸ ಯಾರ ಮಾಡ್ತಾರ?"

"ಹೆಪ್ಪು ಮಾಡ್ತೈತಿ."

"ಹೆಪ್ಪಿನ್ಯಾಗ ಯಾರ ಅದಾರ?"

"ನಿಮ್ಮ ಮಾವ ಅದಾನ! ಹೆಪ್ಪಿನ್ಯಾಗ ಯಾರ ಇರ್ತಾರ?"

"ಆತು. ಇದೇ ಹೆಪ್ಪು ಕುದಿಯೋ ಹಾಲಿಗೆ ಹಾಕಿದ್ರ?"

"ಸಾಯ್ತೈತಿ. ಅಷ್ಟೂ ಗೊತ್ತಿಲ್ಲೇನ ನಿನಗ?"

"ಫ್ರಿಜ್ಜಿನ್ಯಾಗ ಇಟ್ರ?"

"ಮಲಗಿಬಿಡ್ತೈತಿ. ಮೂರ ದಿನಾ ಇಟ್ರೂ ಏಳಂಗಿಲ್ಲ. ಚಳಿಗಾಲದಾಗ ಅದಕ್ಕ ನಾ ಪಾತ್ರಿಗೆ ಕೌದಿ ಹೊಚ್ಚತೇನಿ."

ಶರೀಫಾಬಿ ತೊಡೆ ತಟ್ಟಿ ನಕ್ಕಳು. "ಸಾಯ್ತೈತಿ ಅಂತಿ, ಮಲಗತೈತಿ ಅಂತಿ, ಕೌದಿ ಹೊಚ್ಚತೇನಿ ಅಂತಿ. ಜೀವಾ ಇಲ್ಲದ್ದಕ್ಕ ಯಾರರ ಕೌದಿ ಹೊಚ್ಚತಾರೇನ? ನೀ ದಿನಾ ಸಂಜಿಮುಂದ ಜೀವ ಸಾಕತಿ, ಸಾವಕ್ಕಾ. ಕಣ್ಣಿಗೆ ಕಾಣಲಾರದಷ್ಟ ಸಣ್ಣ ಜೀವ. ಸೂಕ್ಷ್ಮಜೀವಿ ಅಂತಾರ. ಬೆಚ್ಚಗಿನ ಜಾಗಾ, ಹಸಿ, ತಿನ್ನಾಕ ಏನರ ಇಷ್ಟ ಸಿಕ್ರ ಒಂದರದ್ದು ಎರಡಾಗ್ತಾವ, ಎರಡರದ್ದು ನಾಕ."

"ಆಗಲಿ ಬಿಡು, ಮೊಸರು ಛಲೋನ ಅಲ್ಲ?"

"ಮೊಸರಿನವು ಛಲೋವು. ಅವರ ಬಳಗದಾಗ ಕೆಟ್ಟವರೂ ಅದಾರ. ಸಂಡಾಸದಿಂದ ಕೈಗೆ, ಕೈಯಿಂದ ಅರಿವಿಗೆ, ಅರಿವಿಯಿಂದ ತಾಟಿಗೆ, ತಾಟಿನಿಂದ ಗೋವಿಂದಪ್ಪನ ಹೊಟ್ಟಿಗೆ. ಅವಕ್ಕೂ ಬೆಚ್ಚಗಿನ ಹಸಿ ಜಾಗಾ ಬೇಕು, ಅನ್ನದ ಅಗಳು, ಸಾರಿನ ಜಿಡ್ಡು ಬೇಕು. ಹುಡಿಕ್ಯಾಡಿ ಎಲ್ಲಿಗೆ ಹೋಗಬೇಕು? ನಿನ್ನ ಸೊಂಟದಾಗ ಮನಿ ಮಾಡಿಕೊಟ್ಟೀದಿ."

ಸಾವಕ್ಕ ಅರಿವೆಯನ್ನು ಸೊಂಟದಿಂದ ಕಿತ್ತು ಅವಳ ಮುಖದೆದುರು ಹಿಡಿದಳು. "ಇದನ್ನ ಹೊಲಸ ಅಂತಿ? ದಿನಾ ಜಾಲಸ್ತೇನಿ. ನನ್ನ ತಾಟ ಹೆಂಗ ಹೊಳಿತಾವ ನೋಡ! ಈ ಓಣ್ಯಾಗ ಯಾರ ಮನ್ಯಾಗ ಅದಾವ ಇಂಥಾ ತಾಟ?"

"ಹೊಳಿಯೂದ ಬ್ಯಾರೆ, ಸ್ವಚ್ಛ ಇರೂದ ಬ್ಯಾರೆ. ಅಂಥಾದ್ದೊಂದ ಸೂಕ್ಷ್ಮಜೀವಿಗೆ ಮೈಗೆ ಒಗ್ಗಿದ ಹವಾ, ಊಟ ಸಿಕ್ರ ಇಪ್ಪತ್ತ ನಿಮಿಷದಾಗ ಎರಡಾಕ್ಕೈತಿ. ಅರಿವಿ ಮೊಳಿಗೆ ಹಾಕಿ ಏಳ ತಾಸ ಬಿಡು. ಒಂದ ಇದ್ದದ್ದು ಇಪ್ಪತ್ತ ಲಕ್ಷ ದಾಟ್ತೈತಿ."

"ಕಣ್ಣಿಗೆ ಕಾಣದ್ದಕ್ಕ ಎಷ್ಟರ ಲಕ್ಷ ಹೇಳಬೌದು. ಯಾರ ಎಣಿಸಿ ಬಂದಾರ?"

"ಕಾಣಂಗ ಮಾಡ್ಲೇನು?" ಎಂದಳು ಶರೀಫಾಬಿ. "ಒಂದ ದೊಡ್ಡ ಬಟಾಟಿ ಕೊಡು. ನಮ್ಮ ತರಬೇತ್ಯಾಗ ತೋರಿಸ್ಯಾರ."

"ನಾ ಗೆದ್ರ?"

"ಓಣಿ ತುಂಬ ಡಂಗುರಾ ಸಾರತೇನಿ, ಸಾವಕ್ಕನ ಅರಿವಿ ದೇವರಿಗೆ ಉಡಸೂವಂಥಾದ್ದು ಅಂತ."

ನಾಲ್ಕು ಸಣ್ಣ ಗಾಜಿನ ಬಾಟಲಿ, ಅವುಗಳ ಮುಚ್ಚಳ, ಒಂದು ಚಾಕು, ಒಂದು ಇಕ್ಕಳ, ಎಲ್ಲವೂ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಕುದಿದವು. ಬಟಾಟಿ ಬೆಂದಿತು. ಶರೀಫಾಬಿ ಕುದಿದ ಚಾಕುವಿನಿಂದ ನಾಲ್ಕು ಬಿಲ್ಲೆ ಕೊಯ್ದಳು, ಕೈಯಿಂದ ಮುಟ್ಟದೆ ಇಕ್ಕಳದಿಂದ ಎತ್ತಿ ಬಾಟಲಿಗೆ ಇಳಿಸಿದಳು. ಮೊದಲನೆಯದನ್ನು ಯಾರೂ ಮುಟ್ಟಲಿಲ್ಲ. ಎರಡನೆಯದಕ್ಕೆ ದಾಕ್ಷಾಯಿಣಿ ಸಾಬೂನು ಹಚ್ಚಿ ಚೆನ್ನಾಗಿ ತೊಳೆದ ಬೆರಳು ತಾಗಿಸಿದಳು. ಮೂರನೆಯದನ್ನು ಸಾವಕ್ಕ ಒರೆಸಿದ ಹೊಳೆಯುವ ತಾಟಿಗೆ ಒತ್ತಿ ತೆಗೆದರು. ನಾಲ್ಕನೆಯದಕ್ಕೆ ಸೊಂಟದ ಅರಿವೆಯ ತುದಿ ಒತ್ತಿದರು. ಬಾಟಲಿಗೆ ಸುಣ್ಣದ ಬೊಟ್ಟು ಇಟ್ಟರು: ಒಂದು, ಎರಡು, ಮೂರು, ನಾಲ್ಕು. ಮುಚ್ಚಳ ಬಿಗಿ ಮಾಡಿ ಒಲೆಯ ಮೇಲಿನ ಹಲಗೆಯ ಮೇಲೆ ಇಟ್ಟರು.

"ಗುರುವಾರ ತನಕ ತಗೀಬ್ಯಾಡ," ಎಂದು ಶರೀಫಾಬಿ ಕಟ್ಟಪ್ಪಣೆ ಮಾಡಿ ಹೋದಳು.

ಮಂಗಳವಾರ ಸಾವಕ್ಕ ಹಲಗೆಯ ಕಡೆ ತಲೆ ಎತ್ತಲಿಲ್ಲ. ಬುಧವಾರ ಉಪ್ಪಿನ ಡಬ್ಬಿ ಹುಡುಕುವ ನೆವ ಮಾಡಿ ಒಮ್ಮೆ ನೋಡಿದಳು. ಮಧ್ಯಾಹ್ನ ಮತ್ತೊಮ್ಮೆ ಉಪ್ಪು ಹುಡುಕಿದಳು. ಸಂಜೆ ಮೂರನೆಯ ಸಲ. "ಅತ್ತಿ, ಉಪ್ಪಿನ ಡಬ್ಬಿ ನಿಮ್ಮ ಕೈಯಾಗ ಐತ್ರಿ," ಎಂದಳು ದಾಕ್ಷಾಯಿಣಿ.

ಗುರುವಾರ ಶರೀಫಾಬಿ ಬಾಟಲಿಗಳನ್ನು ಬಾಗಿಲ ಬೆಳಕಿಗೆ ತಂದು ಸಾಲಾಗಿ ಇಟ್ಟಳು.

ಒಂದು ಬೊಟ್ಟಿನದು ಇಟ್ಟ ಹಾಗೇ ಇತ್ತು, ಹಳದಿ ಬಿಲ್ಲೆ. ಎರಡರದ್ದರಲ್ಲಿ ಅಲ್ಲೊಂದು ಇಲ್ಲೊಂದು ಸಾಸಿವೆಯಂಥ ಚುಕ್ಕೆ. ಮೂರರದ್ದರಲ್ಲಿ, ಹೊಳೆಯುವ ತಾಟಿನದರಲ್ಲಿ, ಮೈತುಂಬ ದಡಾರ ಎದ್ದ ಹಾಗೆ ಬಿಳಿ, ಹಳದಿ ಗುಳ್ಳೆಗಳು. ನಾಲ್ಕರದ್ದನ್ನು ನೋಡಿ ಸಾವಕ್ಕ ಒಂದು ಹೆಜ್ಜೆ ಹಿಂದೆ ಸರಿದಳು. ಬಟಾಟಿ ಕಾಣುತ್ತಲೇ ಇರಲಿಲ್ಲ. ಅದರ ಮೇಲೆ ಲೋಳೆಯ ಪದರ, ಅದರೊಳಗೆ ಕೆನೆ ಬಣ್ಣದ್ದು, ಗುಲಾಬಿ ಬಣ್ಣದ್ದು ಹೆಪ್ಪುಗಟ್ಟಿ ಕೂತಿತ್ತು.

"ಮುಚ್ಚಳಾ ತಗಿಬ್ಯಾಡ," ಎಂದಳು ಶರೀಫಾಬಿ. "ಒಂದೊಂದ ಗುಳ್ಳಿ ಅಂದ್ರ ಲಕ್ಷಾಂತರ ಜೀವ ಒಂದ ಕಡೆ ಕುಂತಂಗ. ಇದರಾಗ ಎಲ್ಲಾನೂ ರೋಗದ್ದಲ್ಲ, ಅದು ಖರೇ. ಭಾಳಷ್ಟು ಯಾರಿಗೂ ಏನೂ ಮಾಡಂಗಿಲ್ಲ. ಆದ್ರ ಕೆಟ್ಟದ್ದು ಯಾವುದು, ಸಾದಾದ್ದು ಯಾವುದು ಅಂತ ಕಣ್ಣಿಗೆ ತಿಳಿಯಂಗಿಲ್ಲ. ಅದಕ್ಕ ಒಂದಕ್ಕೂ ತಾಟಿನ್ಯಾಗ ಜಾಗಾ ಕೊಡಬಾರದು."

ದಾಕ್ಷಾಯಿಣಿ ನೆಲ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದಳು: "ಅತ್ತಿ, ಹೋದ ವಾರ ನನಗೂ ಎರಡ ದಿನಾ ಹೊಟ್ಟಿ ನುಲದಿತ್ತು. ನಿಮಗ ಬ್ಯಾಸರಾಕ್ಕೈತಿ ಅಂತ ಹೇಳಲಿಲ್ಲ."

ಸಾವಕ್ಕ ಬೆಂಚಿನ ಮೇಲೆ ಕೂತಳು.

"ಬಸರಿ ಹುಡುಗಿ. ನಿನಗ ನಾನ ಬಡಿಸಿದೆನೇನ ಇದನ್ನ?" ಎಂದಳು. ಆಮೇಲೆ ಒಮ್ಮೆಲೇ ದನಿ ಏರಿತು. "ಮೂವತ್ತ ವರ್ಷ ಒಬ್ಬಾಕಿನೂ ಹೇಳಲಿಲ್ಲ! ಒಬ್ಬಾವನೂ ಹೇಳಲಿಲ್ಲ! ಏಕನಾಥ ಕಾಕಾ ಕೊಡಿ ಹಿಡಕೊಂಡ ನಿಂತಾ, ಗಂಜಿ ಅಂದಾ, ಹೋದಾ!"

ಸಿಟ್ಟು ಬರಬೇಕಾದ್ದೇ. ಜನ ಹೊಟ್ಟೆ ಹಿಡಿದು ನರಳಿದರು, ಮರ್ಯಾದೆ ಹಿಡಿದು ಸುಮ್ಮನಿದ್ದರು. ಬೇಜಾರಾದೀತೆಂದು ಬಾಯಿ ಮುಚ್ಚಿಕೊಂಡದ್ದಕ್ಕೆ ಎಷ್ಟು ಕೂಸುಗಳು ಮೈಯ ನೀರು ಬತ್ತಿ ಬಾಡಿವೆ! ಇಂಥ ಮರ್ಯಾದೆಯನ್ನು ಏನು ಮಾಡಬೇಕು? ಹೇಳಿದ್ದರೆ ಸಾವಕ್ಕ ಒಂದು ದಿನ ಮುಖ ಊದಿಸುತ್ತಿದ್ದಳು, ಎರಡನೆಯ ದಿನ ತಿದ್ದಿಕೊಳ್ಳುತ್ತಿದ್ದಳು. ಅಷ್ಟೇ ಅಲ್ಲವೇ?

ಶರೀಫಾಬಿ ಪಕ್ಕದಲ್ಲಿ ಕೂತಳು. "ನಾನೂ ದಿನಾ ಬರಾಕಿ, ನಾನೂ ಇದನ್ನ ಮದಲ ಹೇಳಬೇಕಿತ್ತು. ನನ್ನದೂ ತಪ್ಪ. ಈಗ ಏನ ಮಾಡ್ತಿ ಹೇಳು."

ಸಾವಕ್ಕನ ಕಣ್ಣು ಹಲಗೆಯ ಕಡೆ ಹೋಯಿತು. ಅಲ್ಲಿ ಬಟ್ಟೆಯಲ್ಲಿ ಸುತ್ತಿದ ಕಟಿ ರೊಟ್ಟಿಯ ಕಟ್ಟು ಇತ್ತು, ಅದರ ಪಕ್ಕ ಮಾವಿನ ಉಪ್ಪಿನಕಾಯಿಯ ಭರಣಿ.

"ಅಲ್ಲವಾ ಶರೀಫಾ," ಎಂದಳು ನಿಧಾನಕ್ಕೆ. "ಮೆತ್ತನ ರೊಟ್ಟಿ ಎರಡ ದಿನಕ್ಕ ಬೂಸಲಾ ಬಂದ ಕೆಡತೈತಿ. ಅದನ್ನ ಒಣಗಿಸಿ ಕಟಿ ಮಾಡಿದ್ರ ತಿಂಗಳಗಟ್ಟಲೆ ಕೆಡಂಗಿಲ್ಲ. ಯಾಕಂದ್ರ ಹಸಿ ಇಲ್ಲ. ಉಪ್ಪಿನಕಾಯಿ ಕೆಡಂಗಿಲ್ಲ, ಉಪ್ಪಿಗೆ ಇವು ನಿಲ್ಲಂಗಿಲ್ಲ. ಹಾಲು ಕಾಸತೀವಿ, ಕೆಡಬಾರದು ಅಂತ. ನನಗ ಇದೆಲ್ಲಾ ಗೊತ್ತಿತ್ತು! ಅಡಗಿಗೆ ಮಾಡಿದೆ, ಅರಿವಿಗೆ ಮಾಡಲಿಲ್ಲ."

"ಯಾ ಅಲ್ಲಾ! ಇನ್ನ ನಾ ಮನಿಗೆ ಹೋಗ್ತೇನಿ. ತರಬೇತಿ ನೀನ ಕೊಡು," ಎಂದು ಶರೀಫಾಬಿ ನಕ್ಕಳು. ಸಾವಕ್ಕನೂ ನಕ್ಕಳು. ನಾಲ್ಕು ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿತು.

ಬಾಟಲಿಗಳನ್ನು ಮುಚ್ಚಳ ತೆಗೆಯದೆ ಒಂದು ಡಬ್ಬಿಯೊಳಗಿಟ್ಟು ಬೀಗರಿಗೆ ತೋರಿಸಲೆಂದು ಎತ್ತಿಟ್ಟರು.

ಶುಕ್ರವಾರ ಓಣಿಯವರು ಕಂಡದ್ದು ಸಾವಕ್ಕನ ಯುದ್ಧ. ದೊಡ್ಡ ಪಾತ್ರೆಯಲ್ಲಿ ಮನೆಯ ಅರಿವೆಗಳೆಲ್ಲ ಸಾಬೂನಿನ ಜೊತೆ ಕೊತಕೊತ ಕುದಿದವು, ಬಿಸಿಲಿನಲ್ಲಿ ಹಪ್ಪಳದಂತೆ ಒಣಗಿದವು. ಬಿಸಿ ಪಾತ್ರೆ ಹಿಡಿಯುವುದಕ್ಕೆ ಒಂದು ಅರಿವೆ, ಬೆಂಚು ಒರೆಸುವುದಕ್ಕೆ ಬೇರೆ, ಕೈಗೆ ಬೇರೆ. ಸೊಂಟಕ್ಕೆ ಯಾವುದೂ ಇಲ್ಲ. ತಾಟಿಗೆ ಅರಿವೆಯೇ ಇಲ್ಲ.

"ನೀರಿಂದು ಏನ ಮಾಡ್ಲಿ?" ಎಂಬುದು ಅವಳ ಖರೇ ಚಿಂತೆ. ಮಗ ದುರ್ಗೇಶ, ದಾಕ್ಷಾಯಿಣಿಯ ಗಂಡ, ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಅವನು ನೀರು ತುಂಬಿಡುವ ಬ್ಯಾರಲ್ಲಿನ ಬುಡಕ್ಕೆ ಒಂದು ನಳ ಕೂಡಿಸಿಕೊಟ್ಟ, ಮೇಲೆ ಮುಚ್ಚಳ. ಇನ್ನು ನೀರಿಗೆ ಕೈ ಅದ್ದುವುದಿಲ್ಲ, ಚರಿಗೆ ಮುಳುಗಿಸುವುದಿಲ್ಲ. ತಾಟಿನ ಎಂಜಲು ಮೊದಲು ಬಳಿದು ತೆಗೆದು, ಸಾಬೂನು ಹಚ್ಚಿ ತಿಕ್ಕಿ, ಸಣ್ಣ ಧಾರೆಯ ಕೆಳಗೆ ಹಿಡಿದು ತೊಳೆದರೆ ಬಕೀಟಿನಷ್ಟು ನೀರೂ ಬೇಡ. ತೊಳೆದ ಮೇಲೆ ಸುಡುವ ಬಿಸಿನೀರಿನಲ್ಲಿ ಇಕ್ಕಳದಿಂದ ಒಮ್ಮೆ ಅದ್ದಿ ತೆಗೆಯುವುದು. ತೊಳೆದ ನೀರು ಸಂಡಾಸಕ್ಕೆ ಸುರಿಯಲು. ತಾಟುಗಳನ್ನು ಹೊರಗಿನ ಕಟ್ಟೆಯ ಜಾಲರಿಯ ಮೇಲೆ ಬಿಸಿಲಿಗೆ ಓರೆಯಾಗಿ ನಿಲ್ಲಿಸಿದರೆ ತಾವಾಗಿಯೇ ಒಣಗುತ್ತವೆ, ಮೇಲೊಂದು ತೆಳು ಪರದೆ ಹಾಕಿದರೆ ನೊಣವೂ ಇಲ್ಲ.

ಬಚ್ಚಲ ಬಾಗಿಲಲ್ಲಿ ಒಂದು ಸಾಬೂನು, ಒಲೆಯ ಹತ್ತಿರ ಇನ್ನೊಂದು, ಊಟದ ಕೋಣೆಯ ಬಾಗಿಲಲ್ಲಿ ಮೂರನೆಯದು. "ಸಂಡಾಸಕ್ಕ ಹೋಗಿ ಬಂದ್ರ, ಅಡಗಿಗೆ ಕೂಡ್ರೂಕಿಂತ ಮದಲ, ಬಡಸೂಕಿಂತ ಮದಲ, ಉಣ್ಣೂಕಿಂತ ಮದಲ," ಎಂದು ಶರೀಫಾಬಿ ಹೇಳಿಕೊಟ್ಟದ್ದನ್ನು ಸಾವಕ್ಕ ರೊಟ್ಟಿ ಬಡಿಯುತ್ತ ತಾಳ ಹಾಕಿ ಹೇಳಿಕೊಂಡಳು. ಇಪ್ಪತ್ತು ಎಣಿಸುವಷ್ಟು ಹೊತ್ತು ಬೆರಳ ಸಂದಿ, ಉಗುರು ಎಲ್ಲ ತಿಕ್ಕಬೇಕು.

ಶನಿವಾರ ಗೋವಿಂದಪ್ಪನಿಗೆ ಫೋನು ಹೋಯಿತು. ಅವನು ಬಂದು ಹೊಸಿಲಿಗೆ ಕಾಲಿಟ್ಟದ್ದೇ ತಡ, ಸಾವಕ್ಕ ಅಡ್ಡ ನಿಂತಳು.

"ಅಲ್ಲೇ ನಿಂದರ್ರಿ. ಕೈ ತೊಳ್ಕೊಳ್ರಿ."

"ಮನಿಯಿಂದ ತೊಳ್ಕೊಂಡ ಬಂದೇನ್ರಿ."

"ಬರೂಮುಂದ ಬಸ್ಸಿನ ಸಳಿ ಹಿಡದೀರಿಲ್ಲೋ? ಟೊಪಿಗಿ ಹತ್ತ ಸಲ ಮುಟ್ಟೀರಿಲ್ಲೋ? ಸಾಬೂನ ಹಚ್ಚರಿ. ಉಗುರ ಬಿಟ್ರಿ ನೋಡ್ರಿ, ಉಗುರ!"

ಬೀಗ ಸಾಲೆಯ ಹುಡುಗನಂತೆ ಉಗುರು ತಿಕ್ಕಿದ. ಸಾವಕ್ಕ ಡಬ್ಬಿ ತೆರೆದು ನಾಲ್ಕು ಬಾಟಲಿ ತೋರಿಸಿದಳು, ಯಾವುದು ಏನೆಂದು ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಗೋವಿಂದಪ್ಪ ನಾಲ್ಕನೆಯದನ್ನು ನೋಡುತ್ತ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ.

"ಯಪ್ಪಾ! ಇದ ನನ್ನೊಳಗ ಸಂತಿ ಮಾಡಿತ್ತೇನ್ರಿ?"

"ಹೌದ್ರಿ. ನಾನ ಮಾಡಿಸಿದ್ದು. ಗೊತ್ತಿಲ್ಲದ ಮಾಡಿದೆ. ಈಗ ಗೊತ್ತಾತು. ಕುಬಸದ ಅಡಗಿ ನಾನ ಮಾಡಬೇಕು ಅಂತ ನನ್ನ ಆಸೆ ಐತಿ, ಆದ್ರ ಹುಡುಗೀಗಿಂತ ಅದೇನ ದೊಡ್ಡದಲ್ಲ. ಅಡಗೀಮನಿ ನೋಡ್ರಿ. ನಿಮಗ ಧೈರ್ಯ ಬರಲಿಲ್ಲಂದ್ರ ಕೇಟರಿಂಗಿನವ್ನ ಬರಲಿ. ಅವನ ಕೈಗೂ ನಾನ ಸಾಬೂನ ಹಚ್ಚತೇನಿ."

ಗೋವಿಂದಪ್ಪ ಒಲೆ ನೋಡಿದ, ಬ್ಯಾರಲ್ ನೋಡಿದ, ಬಿಸಿಲಿನ ತಾಟು ನೋಡಿದ. ಒಂದು ತಾಟು ಎತ್ತಿಕೊಂಡು ಬೆಂಚಿನ ಮೇಲೆ ಕೂತ.

"ಬಡಸ್ರಿ. ಮಂಗಳವಾರ ಮುಂಜಾನಿ ತನಕ ನನ್ನ ಹೊಟ್ಟಿ ಏನ ಹೇಳತೈತಿ ಕೇಳೂಣು."

ಮೂರು ರೊಟ್ಟಿ, ಎಣಗಾಯಿ, ಹಿಂಡಿ, ಮೊಸರು. ಇನ್ನೊಂದು ರೊಟ್ಟಿ. ಬೀಗ ತೇಗಿ ಹೋದ.

ಭಾನುವಾರ ಸಾವಕ್ಕ ಫೋನನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಂಡಳು. ಸೋಮವಾರ ದುರ್ಗೇಶನಿಗೆ ಮೂರು ಸಲ ಕೇಳಿದಳು, ಫೋನಿಗೆ ಕರೆಂಟು ಹಾಕಿದೆಯೋ ಇಲ್ಲವೋ ಎಂದು. ಉಣ್ಣಲು ಬರುತ್ತಿದ್ದ ಒಂಬತ್ತು ಜನರನ್ನೂ ಬಾಗಿಲಲ್ಲೇ ನಿಲ್ಲಿಸಿ, "ಹೊಟ್ಟಿ ಹೆಂಗೈತಿ? ಖರೇ ಹೇಳ್ರಿ, ಮರ್ಯಾದಿ ಮಾಡಬ್ಯಾಡ್ರಿ," ಎಂದು ವಿಚಾರಿಸಿದಳು. ಒಂಬತ್ತೂ ಹೊಟ್ಟೆ ಗಟ್ಟಿ.

ಮಂಗಳವಾರ ಬೆಳಿಗ್ಗೆ ಎಂಟಾಯಿತು, ಒಂಬತ್ತಾಯಿತು. ಫೋನು ಬರಲಿಲ್ಲ. ರೊಟ್ಟಿ ಬಡಿಯುವ ಕೈ ತಾಳ ತಪ್ಪಿತು. ಹತ್ತಕ್ಕೆ ಹೊಸಿಲಲ್ಲಿ ಟೊಪ್ಪಿಗೆ ಕಂಡಿತು. ಹಿಂದೆ ಬೀಗಿತಿ.

"ಏನಾತ್ರಿ?" ಸಾವಕ್ಕ ರೊಟ್ಟಿ ಬಿಟ್ಟು ಎದ್ದಳು.

ಗೋವಿಂದಪ್ಪ ನೆಟ್ಟಗೆ ಸಾಬೂನಿನ ಕಡೆ ನಡೆದ, ತೋಳು ಏರಿಸಿದ, ಉಗುರು ತಿಕ್ಕಿದ. "ಮನ್ಯಾಗ ಉಂಡಿಲ್ಲ," ಎಂದ. "ಇಬ್ಬರಿಗೂ ಬಡಸ್ರಿ. ಕೇಟರಿಂಗಿನವ್ಗ ಬ್ಯಾಡಂತ ಹೇಳೇನಿ."

ಸಾವಕ್ಕ ಹಿಟ್ಟಿನ ಕೈಯಲ್ಲೇ ಬೀಗಿತಿಯನ್ನು ತಬ್ಬಿಕೊಂಡಳು. ಬೀಗಿತಿಯ ಹೊಸ ಸೀರೆಯ ಬೆನ್ನ ಮೇಲೆ ಹತ್ತು ಬೆರಳು ಜೋಳದ ಹಿಟ್ಟಿನಲ್ಲಿ ಮೂಡಿದವು.

"ಒಬ್ಬರ ಹೊಟ್ಟಿ ಸಾಕ್ಷಿ ಸಾಕಾಗಂಗಿಲ್ಲ ಮತ್ತ," ಎಂದು ಎದುರು ಮನೆಯಿಂದ ಶರೀಫಾಬಿ ಕೂಗಿದಳು. "ದಿನಾ ಹಿಂಗ ಇರಬೇಕು!"

"ಬಾ, ನೀನೂ ಕೈ ತೊಳ್ಕೊಂಡ ಉಣ್ಣ ಬಾ, ಬಾಯಿ ಬಡಕಿ!"

ಗುರುವಾರ ಆ ಓಣಿಯಲ್ಲಿ ಜಾಗವಿರಲಿಲ್ಲ. ಪೆಂಡಾಲಿನ ಬಾಗಿಲಲ್ಲಿ ನಳದ ಬ್ಯಾರಲ್, ಸಾಬೂನು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಶರೀಫಾಬಿ. ಮುತ್ತೈದೆಯರಿರಲಿ, ಮೀಸೆಯ ಹಿರಿಯರಿರಲಿ, ಸಾಬೂನು ಮುಟ್ಟದೆ ಒಬ್ಬರೂ ಒಳಗೆ ಹೋಗಲಿಲ್ಲ. "ಇದೇನ ಕುಬಸೋ, ದವಾಖಾನಿಯೋ?" ಎಂದು ಒಬ್ಬ ಮುದುಕ ಗೊಣಗಿದ. "ಇಲ್ಲಿ ತೊಳ್ಕೊಂಡ್ರ ದವಾಖಾನಿ ಬ್ಯಾಡ, ಅಜ್ಜಾರ," ಎಂದಳು ಅವಳು. ಬಡಿಸುವವರೆಲ್ಲರ ಕೈಯಲ್ಲಿ ಸೌಟು, ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ. ಸಾರು ಒಲೆಯಿಂದ ಇಳಿಯುತ್ತಲೇ ಪಂಕ್ತಿಗೆ ಬಂತು. ತಣ್ಣಗಾಗಿ ತಾಸುಗಟ್ಟಲೆ ಕೂತ ಪಲ್ಯ ಒಂದೂ ಇರಲಿಲ್ಲ.

ಹಸಿರು ಸೀರೆಯಲ್ಲಿ, ಮೊಣಕೈವರೆಗೆ ಬಳೆ ತೊಟ್ಟು ದಾಕ್ಷಾಯಿಣಿ ಮಣೆಯ ಮೇಲೆ ಕೂತಳು. ಹೆಂಗಸರು ಆರತಿ ಎತ್ತಿ ಹಾಡಿದರು. ಸಾವಕ್ಕ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಮೊದಲ ತುತ್ತು ಸೊಸೆಯ ಬಾಯಿಗಿಟ್ಟಳು. ದಾಕ್ಷಾಯಿಣಿ ತಟ್ಟನೆ ಅತ್ತೆಯ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಕೂಸು ಒದೆಯಿತು. ಸಾವಕ್ಕನ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ನೋಡ್ರಿ ಬೀಗರ," ಎಂದಳು ಎಲ್ಲರಿಗೂ ಕೇಳುವಂತೆ, "ಒಳಗಿಂದನ ಇನ್ನೊಂದ ಹೋಳಿಗಿ ಕೇಳಾಕತ್ತೈತಿ!"

ಭಾನುವಾರದೊಳಗೆ ಸಾವಕ್ಕ ಕುಬಸಕ್ಕೆ ಬಂದ ಪ್ರತಿ ಮನೆಗೂ ಫೋನು ಮಾಡಿ ವಿಚಾರಿಸಿದಳು. ಒಬ್ಬರಿಗೂ ಏನೂ ಆಗಿರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇಷ್ಟು ಓದಿದಿರಿ, ಸಂತೋಷ. ಈಗ ತಲೆ ಅಲ್ಲಾಡಿಸಿ ಕೂತರೆ ಮಾತ್ರ ಸಿಟ್ಟು ಬರುತ್ತದೆ. ಏಳಿ. ನಿಮ್ಮ ಅಡುಗೆಮನೆಯ ಒರೆಸುವ ಅರಿವೆಯನ್ನು ಮುಟ್ಟಿ ನೋಡಿ. ಹಸಿ ಇದೆಯೇ? ನಾತ ಬರುತ್ತಿದೆಯೇ? ಇವತ್ತೇ ಸಾಬೂನು ಹಾಕಿ ಕುದಿಸಿ, ಬಿಸಿಲಿಗೆ ಹಾಕಿ. ತಾಟು ಒರೆಸಬೇಡಿ, ಒಣಗಲು ಬಿಡಿ. ಕೈಗೆ ಬರೀ ನೀರು ಸಾಲದು, ಸಾಬೂನು ಬೇಕು. ಬಿಸಿ ಅಡುಗೆ ಬಿಸಿಯಾಗಿಯೇ ಉಣ್ಣಿ. ಎರಡು ತಾಸಿಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಡಿ. ಉಳಿದದ್ದನ್ನು ಬೇಗ ಫ್ರಿಜ್ಜಿನಲ್ಲಿಟ್ಟರೆ ಮಾತ್ರ ಮರುದಿನ ಕುದಿ ಬರುವಂತೆ ಕಾಸಿ ಉಣ್ಣಿ. ಹೊರಗೆ ಕೂತು ಕೆಟ್ಟದ್ದನ್ನು ಕುದಿಸಿದರೂ ನಂಬಬೇಡಿ.

ಯಾರಿಗಾದರೂ ಭೇದಿ ಹಿಡಿದರೆ ಒಂದು ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಕೂಸಿಗೆ ಎದೆಹಾಲು ನಿಲ್ಲಿಸಬೇಡಿ. ರಕ್ತ ಬಿದ್ದರೆ, ಜ್ವರ ಬಂದರೆ, ಕಣ್ಣು ಗುಳಿ ಬಿದ್ದರೆ, ಉಚ್ಚೆ ನಿಂತರೆ, ಬಸುರಿಗೋ ಕೂಸಿಗೋ ಆದರೆ, ತಡ ಮಾಡದೆ ದವಾಖಾನೆಗೆ ಓಡಿ. ವೈದ್ಯರನ್ನು ಕೇಳದೆ ಅಂಗಡಿಯ ಗುಳಿಗೆ ನುಂಗಬೇಡಿ.

ಇನ್ನೊಂದು ಮಾತು. ಎಲ್ಲಾದರೂ ಉಂಡು ಹೊಟ್ಟೆ ಕೆಟ್ಟರೆ, ಉಣ್ಣಿಸಿದವರಿಗೆ ಬಾಯಿ ಬಿಟ್ಟು ಹೇಳಿ. ಅವರಿಗೆ ಒಂದು ದಿನ ಬೇಜಾರಾಗಲಿ. ಮರುದಿನ ನೂರು ಹೊಟ್ಟೆ ತಣ್ಣಗಿರುತ್ತವೆ.